ಇಪ್ಪತ್ತೆರಡು ನಿಮಿಷದ ಹಳ್ಳ

ವರ್ಷದ ಹನ್ನೊಂದು ತಿಂಗಳು ಅದನ್ನು ಹಳ್ಳ ಎಂದು ಒಪ್ಪಿಕೊಳ್ಳುವುದೇ ಕಷ್ಟ. ಚಿಕ್ಕಬಳ್ಳಾಪುರದ ಆಚೆ ಬೆಟ್ಟದ ಸಾಲಿನ ಬುಡದಲ್ಲಿ, ಒಂದು ದ್ರಾಕ್ಷಿ ತೋಟಕ್ಕೂ ಒಂದು ಪಾಲಿಹೌಸ್‌ಗೂ ನಡುವೆ ಹಾದುಹೋಗುವ ಆರೇಳು ಅಡಿ ಅಗಲದ ಮರಳು ದಾರಿ ಅದು. ಟ್ರ್ಯಾಕ್ಟರ್ ಅದರಲ್ಲೇ ಓಡಾಡುತ್ತದೆ, ಮಧ್ಯಾಹ್ನ ಕುರಿಗಳು ಅದರಲ್ಲೇ ಮಲಗುತ್ತವೆ. ರಸ್ತೆಯನ್ನು ದಾಟುವಲ್ಲಿ ಮೂರು ಅಡಿ ವ್ಯಾಸದ ಎರಡು ಸಿಮೆಂಟ್ ಪೈಪ್ ಹೂತು ಮೋರಿ ಮಾಡಿದ್ದಾರೆ. ಕಳೆದ ಬೇಸಿಗೆಯಲ್ಲಿ ಬಗ್ಗಿ ನೋಡಿದೆ. ಒಂದು ಪೈಪಿನಲ್ಲಿ ಅರ್ಧದವರೆಗೆ ಮರಳು. ಇನ್ನೊಂದರ ಬಾಯಲ್ಲಿ ಹಳೆಯ ಡ್ರಿಪ್ ಪೈಪಿನ ಸುರುಳಿ, ಹರಿದ ಮಲ್ಚಿಂಗ್ ಶೀಟ್, ಲಂಟಾನದ ಕಡ್ಡಿ, ಯಾರದೋ ಒಂಟಿ ಚಪ್ಪಲಿ. ಜೊತೆಗಿದ್ದ ತೋಟದ ಯಜಮಾನರು ನಕ್ಕರು. “ಈ ಹಳ್ಳ ಹೇಳಿ ಬರುವುದಿಲ್ಲ ಸ್ವಾಮಿ. ಬೆಟ್ಟದ ಮೇಲೆ ಮೋಡ ಕಪ್ಪಾದರೆ ನಾವು ಮೊದಲು ಓಡಿಹೋಗಿ ಮೋಟಾರ್ ಬಿಚ್ಚಿಕೊಂಡು ಬರುತ್ತೇವೆ” ಎಂದರು. ಪ್ರವಾಹದ ಬಗ್ಗೆ ಬರೆಯುವವರು ಕೃಷ್ಣಾ ತೀರದಿಂದಲೋ ಕೊಡಗಿನಿಂದಲೋ ಶುರು ಮಾಡುವುದು ವಾಡಿಕೆ. ನನಗೆ ಈ ಮೋರಿಯೇ ಸಾಕು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಎಂದರೆ ಬರದ ಸೀಮೆ, ಸಾವಿರ ಅಡಿ ಕೊರೆದರೂ ದೂಳೇ ಏಳುವ ಬೋರ್‌ವೆಲ್‌ಗಳ ಸೀಮೆ. ವರ್ಷವಿಡೀ ಸುರಿದರೂ 700 ಮಿಲಿಮೀಟರ್ ಆಸುಪಾಸಿನ ಮಳೆ. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲ. ಹೀಗಾಗಿ ಪ್ರವಾಹ ಎಂಬ ಮಾತು ಇಲ್ಲಿಯ ಯೋಜನೆಗಳಲ್ಲೂ ಇಲ್ಲ, ಜನರ ಭಯದಲ್ಲೂ ಇಲ್ಲ. ಆದರೆ ನಕ್ಷೆಯನ್ನು ಇನ್ನೊಂದು ಕಣ್ಣಿನಿಂದ ನೋಡಬೇಕು. ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಅರ್ಕಾವತಿ ಹುಟ್ಟುವುದು ನಂದಿಯ ಸುತ್ತಲಿನ ಬೆಟ್ಟಗುಡ್ಡಗಳ ಸೀಮೆಯಲ್ಲಿ. ಶಿಂಷಾ ಮತ್ತು ಜಯಮಂಗಲಿ ಹುಟ್ಟುವುದು ತುಮಕೂರಿನ ದೇವರಾಯನದುರ್ಗದಲ್ಲಿ. ನದಿಗಳು ಇಲ್ಲಿ ಹುಟ್ಟುತ್ತವೆ, ಹೆಚ್ಚಿನವು ಬೆಳೆಯುವುದು ಆಂಧ್ರದಲ್ಲೋ ತಮಿಳುನಾಡಿನಲ್ಲೋ. ನಮ್ಮ ಪಾಲಿಗೆ ಉಳಿಯುವುದು ಅವುಗಳ ತೊಟ್ಟಿಲು ಮಾತ್ರ: ಎರಡು, ಐದು, ಹತ್ತು ಚದರ ಕಿಲೋಮೀಟರ್‌ಗಳ ಪುಟ್ಟ ಜಲಾನಯನಗಳು, ಅಂದರೆ ಒಂದೇ ಹಳ್ಳಕ್ಕೆ ನೀರು ಹರಿದುಬರುವ ನೆಲ. ಮಳೆ ಶುರುವಾದ ಆರು ಗಂಟೆಯೊಳಗೆ ಏರುವ ನೀರಿಗೆ ದಿಢೀರ್ ಪ್ರವಾಹ ಎಂದು ಹವಾಮಾನ ಶಾಸ್ತ್ರ ಹೆಸರಿಟ್ಟಿದೆ. ತೊಟ್ಟಿಲಿನಲ್ಲಿ ಆರು ಗಂಟೆ ಎನ್ನುವುದು ದೊಡ್ಡ ಐಷಾರಾಮ.

ಮೊದಲು ಒಂದು ಲೆಕ್ಕ. ಒಂದು ಹೆಕ್ಟೇರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. ಒಂದು ಚದರ ಕಿಲೋಮೀಟರ್ ಮೇಲೆ ಒಂದು ಗಂಟೆಯಲ್ಲಿ 60 ಮಿಲಿಮೀಟರ್ ಸುರಿದರೆ 6 ಕೋಟಿ ಲೀಟರ್. ಅದರಲ್ಲಿ ಅರ್ಧ ಇಂಗಿತು, ಅರ್ಧ ಹರಿಯಿತು ಎಂದುಕೊಂಡರೂ ಸೆಕೆಂಡಿಗೆ ಎಂಟು ಘನ ಮೀಟರ್‌ಗಿಂತ ಹೆಚ್ಚು ನೀರು ಹಳ್ಳದ ಬಾಯಿಗೆ ಬರುತ್ತದೆ. ನಮ್ಮ ಮೋರಿಯ ಎರಡೂ ಪೈಪ್ ಕನ್ನಡಿಯಂತೆ ಸ್ವಚ್ಛವಾಗಿದ್ದು, ನೀರು ಒಳ್ಳೆಯ ವೇಗದಲ್ಲಿ ಹರಿದರೂ ಸೆಕೆಂಡಿಗೆ ಮೂರು ಘನ ಮೀಟರ್ ದಾಟಿಸಿದರೆ ಹೆಚ್ಚು. ಉಳಿದ ಐದು ಘನ ಮೀಟರ್ ರಸ್ತೆಯ ಮೇಲೆ ಹತ್ತುತ್ತದೆ. ಚಪ್ಪಲಿ, ಡ್ರಿಪ್ ಪೈಪ್ ಇದ್ದರೆ ಲೆಕ್ಕ ಇನ್ನೂ ಕೆಡುತ್ತದೆ.

ಒಂದೇ ಗಂಟೆಯಲ್ಲಿ 60 ಮಿಲಿಮೀಟರ್ ಸುರಿದು ಆಮೇಲೆ ಹನಿಯೂ ಬೀಳದಿದ್ದರೆ, ಹವಾಮಾನ ಇಲಾಖೆಯ ದಿನದ ವರ್ಗೀಕರಣದಲ್ಲಿ ಅದು ‘ಭಾರಿ ಮಳೆ’ ಕೂಡ ಅಲ್ಲ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಮಾತ್ರ ಆ ಪಟ್ಟ. ಮರುದಿನದ ಪತ್ರಿಕೆಯಲ್ಲಿ ‘ಸಾಧಾರಣ ಮಳೆ’ ಎಂದು ಅಚ್ಚಾಗುವ ಮಳೆಗೆ ಒಂದು ಹಳ್ಳ ರಸ್ತೆಯನ್ನೇ ಕೊಚ್ಚಿಕೊಂಡು ಹೋಗಿರಬಹುದು. ದೊಡ್ಡ ನದಿಗೆ ದಿನದ ಮೊತ್ತ ಮುಖ್ಯ, ಸಣ್ಣ ಹಳ್ಳಕ್ಕೆ ಅರ್ಧ ಗಂಟೆಯ ರಭಸ ಮುಖ್ಯ. ಈ ಒಂದು ವ್ಯತ್ಯಾಸ ನಮ್ಮ ತಾಲ್ಲೂಕು ಮಟ್ಟದ ಮಳೆ ವರದಿಗಳಲ್ಲಿ ಕರಗಿಹೋಗುತ್ತದೆ.

ಇನ್ನು ನೆಲದ ಮಾತು. ನನ್ನ ವಾದವೆಲ್ಲ ಇಲ್ಲೇ ಇದೆ: ಈ ಸೀಮೆಯಲ್ಲಿ ಮಳೆಯನ್ನು ಪ್ರವಾಹ ಮಾಡುವುದು ಮೋಡವಲ್ಲ, ಬೆಟ್ಟದ ಬುಡದಿಂದ ಕೆರೆಯ ಕೋಡಿಯವರೆಗಿನ ಎರಡು ಮೂರು ಕಿಲೋಮೀಟರ್ ನೆಲ.

ಬೆಟ್ಟದಿಂದಲೇ ಹಿಡಿಯೋಣ. ನಮ್ಮ ಬೆಟ್ಟಗಳು ಮಲೆನಾಡಿನ ಮಣ್ಣಿನ ಬೆಟ್ಟಗಳಲ್ಲ. ನಂದಿ, ಸ್ಕಂದಗಿರಿ, ಅಂತರಗಂಗೆ, ಮಧುಗಿರಿ, ಪಾವಗಡ, ಎಲ್ಲವೂ ಬೋಳು ಕಲ್ಲು, ಬಂಡೆಯ ಮೇಲೆ ಬಂಡೆ. ಮಧುಗಿರಿಯಂತೂ ಇಡೀ ಊರಿನ ನೆತ್ತಿಯ ಮೇಲೆ ನಿಂತ ಒಂದೇ ಕಲ್ಲು. ಬಂಡೆಯ ಮೇಲೆ ಬಿದ್ದ ಮಳೆ ಹೆಚ್ಚು ಕಡಿಮೆ ಅಷ್ಟೂ ಕೆಳಗಿಳಿಯುತ್ತದೆ, ಹೆಂಚಿನ ಮನೆಯ ಸೂರಿನ ನೀರಿನ ಹಾಗೆ. ಆ ಸೂರಿನಡಿಯಲ್ಲಿ ಪ್ರಕೃತಿ ಒಂದು ಏರ್ಪಾಡು ಮಾಡಿತ್ತು. ಬಂಡೆ ಮುಗಿದು ಬಯಲು ಶುರುವಾಗುವ ಬುಡದಲ್ಲಿ ಉರುಳಿದ ಗುಂಡುಗಳು, ಅವುಗಳ ಸಂದಿಯಲ್ಲಿ ಶತಮಾನಗಳಿಂದ ಕೂಡಿದ ಮಣ್ಣು, ಕುರುಚಲು ಕಾಡು. ಮೇಲಿಂದ ಧುಮುಕಿದ ನೀರು ಇಲ್ಲಿ ತಡವರಿಸಿ, ಇಂಗಿ, ಕವಲಾಗಿ ಆಮೇಲೆ ಹಳ್ಳ ಸೇರುತ್ತಿತ್ತು. ಗುಂಡು ಒಡೆದು ಸೈಜುಗಲ್ಲು ಮಾಡಿದ್ದು, ಬುಡ ಕಡಿದು ರೆಸಾರ್ಟ್‌ಗೂ ಬಡಾವಣೆಗೂ ಸಮತಟ್ಟು ಮಾಡಿದ್ದು ಈ ಬುಡದ ನೆಲದಲ್ಲಿಯೇ. ಬೆಟ್ಟದ ತಲೆಯನ್ನು ನಾವು ಪ್ರವಾಸಿ ತಾಣ ಎಂದು ಕಾಯುತ್ತೇವೆ. ಕಾಲನ್ನು ಯಾರೂ ಕಾಯುವುದಿಲ್ಲ. 2021ರ ಆಗಸ್ಟ್‌ನಲ್ಲಿ ಭಾರಿ ಮಳೆಗೆ ನಂದಿಬೆಟ್ಟದ ರಸ್ತೆಯೇ ಕುಸಿದು ಸಂಪರ್ಕ ಕಡಿದಾಗ, ಬಯಲುಸೀಮೆಯಲ್ಲೂ ಭೂಕುಸಿತವೇ ಎಂದು ಹಲವರು ಬೆರಗಾದರು. ಬಂಡೆಯ ಮೇಲೆ ಕೂತ ತೆಳು ಮಣ್ಣು ನೀರು ಕುಡಿದು ಭಾರವಾದರೆ ಜಾರುತ್ತದೆ. ಸೀಮೆ ಯಾವುದು ಎಂದು ಅದು ಕೇಳುವುದಿಲ್ಲ.

ಬುಡದ ಕೆಳಗೆ ಕೆಂಪು ಮಣ್ಣು. ಇದರ ಸ್ವಭಾವ ವಿಚಿತ್ರ. ಉತ್ತ ಹೊಲದಲ್ಲಿ ಸಡಿಲವಾಗಿ, ಉದಾರವಾಗಿ ಕಾಣುತ್ತದೆ. ಆದರೆ ದಪ್ಪ ಹನಿಯ ಮಳೆ ಹತ್ತು ನಿಮಿಷ ಬಡಿದರೆ ಮೇಲ್ಪದರದ ಕಣಗಳು ಒಡೆದು, ಸಣ್ಣ ಕಣಗಳು ರಂಧ್ರಗಳಲ್ಲಿ ಕೂತು, ಮೇಲೆ ಒಂದು ಹೆಪ್ಪು ಕಟ್ಟುತ್ತದೆ. ರಾಗಿ ಬಿತ್ತಿದ ಮಾರನೆಯ ದಿನ ಜಡಿಮಳೆ ಬಂದರೆ ಮೊಳಕೆ ಮೇಲೆ ಬಾರದೆ ಒದ್ದಾಡುವುದನ್ನು ಕಂಡವರಿಗೆ ಈ ಹೆಪ್ಪು ಗೊತ್ತು. ಮೊಳಕೆಯನ್ನು ಮೇಲೆ ಬಿಡದ ಹೆಪ್ಪು ನೀರನ್ನೂ ಕೆಳಗೆ ಬಿಡುವುದಿಲ್ಲ. ಕೆಳಗೆ ಮಣ್ಣು ಒಣಗಿಯೇ ಇರುತ್ತದೆ, ಮೇಲೆ ಕೆಂಪು ನೀರು ಹರಿದು ಹೋಗುತ್ತಿರುತ್ತದೆ. ಮೇ ತಿಂಗಳ ಮುಂಗಾರು ಪೂರ್ವ ಮಳೆಯ ಪ್ರವಾಹ ಈ ಬಗೆಯದು.

ಹಿಂಗಾರಿನ ಪ್ರವಾಹದ ಬಗೆ ಬೇರೆ. ಸೆಪ್ಟೆಂಬರ್, ಅಕ್ಟೋಬರ್ ಈ ಜಿಲ್ಲೆಗಳಿಗೆ ಮಳೆ ಹೆಚ್ಚು ಸುರಿಯುವ ಕಾಲ. ಉತ್ತರೆ, ಹಸ್ತಾ, ಚಿತ್ತಾ ಒಂದರ ಹಿಂದೊಂದು ಸುರಿದು ಬಂಡೆಯ ಮೇಲಿನ ಎರಡು ಮೂರು ಅಡಿ ಮಣ್ಣು ತುಂಬಿಹೋಗಿರುತ್ತದೆ. ಆಮೇಲೆ ಬಂಗಾಳ ಕೊಲ್ಲಿಯ ಒಂದು ವಾಯುಭಾರ ಕುಸಿತ ಸ್ವಾತಿ ಮಳೆಯ ಮೇಲೆ ಕೂತರೆ, ಬಿದ್ದ ಪ್ರತಿ ಹನಿಯೂ ಹಳ್ಳದ್ದೇ. ಅಷ್ಟೇ ಮಳೆ, ಅದೇ ನೆಲ, ಜೂನ್‌ನಲ್ಲಿ ಏನೂ ಆಗದ ಕಡೆ ನವೆಂಬರ್‌ನಲ್ಲಿ ಕೆರೆಯ ಏರಿ ಒಡೆಯುತ್ತದೆ. 2021ರ ನವೆಂಬರ್‌ನಲ್ಲಿ ಮೂರೂ ಜಿಲ್ಲೆಗಳಲ್ಲಿ ಕೆರೆಗಳು ಸಾಲಾಗಿ ಕೋಡಿ ಬಿದ್ದದ್ದು, ಇಲ್ಲಿ ಹುಟ್ಟಿದ ಪಾಪಾಗ್ನಿ ಕಡಪದ ಕಮಲಾಪುರಂ ಬಳಿ ಸೇತುವೆಯನ್ನೇ ಉರುಳಿಸಿದ್ದು ಹೀಗೆ ನೆನೆದ ನೆಲದ ಮೇಲೆ ಬಿದ್ದ ಮಳೆಯಿಂದ.

ಇಳಿಜಾರಿನ ಪಾಲು ಎಷ್ಟು? ಸಣ್ಣ ಜಲಾನಯನದ ತುದಿಯ ಹನಿ ಬಾಯಿಗೆ ತಲುಪಲು ಬೇಕಾದ ಹೊತ್ತನ್ನು ಅಂದಾಜಿಸಲು ಎಂಜಿನಿಯರುಗಳು 1940ರ ಕಿರ್ಪಿಚ್ ಸೂತ್ರವನ್ನು ಈಗಲೂ ಬಳಸುತ್ತಾರೆ. ಅದು ಹುಟ್ಟಿದ್ದು ಅಮೆರಿಕದ ಟೆನೆಸಿಯ ಹೊಲಗಳ ಅಳತೆಯಿಂದ, ನಮ್ಮ ಬಂಡೆಗೆ ಅದು ಅಂದಾಜು ಮಾತ್ರ. ಆದರೂ ಮೂರು ಕಿಲೋಮೀಟರ್ ಉದ್ದದ ಹಳ್ಳ, ಹತ್ತು ಮೀಟರ್‌ಗೆ ಒಂದು ಮೀಟರ್ ಇಳಿಜಾರು ಎಂದು ಹಾಕಿ ನೋಡಿ. ಉತ್ತರ 22 ನಿಮಿಷ. ಅದೇ ಉದ್ದದ ಹಳ್ಳ ಕೋಲಾರದ ಪೂರ್ವದ ಬಯಲಿನಂತೆ ನೂರು ಮೀಟರ್‌ಗೆ ಒಂದು ಮೀಟರ್ ಇಳಿದರೆ 55 ನಿಮಿಷ. ಬೆಟ್ಟದ ಬುಡದ ಹಳ್ಳಿಗೂ ಬಯಲಿನ ಹಳ್ಳಿಗೂ ಇರುವ ಅಂತರ ಈ ಅರ್ಧ ಗಂಟೆ. ಅದರಲ್ಲಿ ದನ ಬಿಚ್ಚಬಹುದು, ಮೋಟಾರ್ ಎತ್ತಬಹುದು, ಶಾಲೆಯಿಂದ ಮಕ್ಕಳನ್ನು ಹಿಂದಿರುಗಿಸದೆ ಅಲ್ಲೇ ಇರಿಸಿಕೊಳ್ಳಬಹುದು.

ಆಕಾರವೂ ಮಾತನಾಡುತ್ತದೆ. ಬೀಸಣಿಗೆಯಂತೆ ಅಗಲವಾದ ಜಲಾನಯನದಲ್ಲಿ ಎಲ್ಲ ಕವಲುಗಳ ನೀರು ಒಂದೇ ಹೊತ್ತಿಗೆ ಬಾಯಿಗೆ ಬಂದು ಗುದ್ದುತ್ತದೆ. ಹುರುಳಿಕಾಯಿಯಂತೆ ಉದ್ದವಾಗಿದ್ದರೆ ಕೆಳಗಿನ ನೀರು ಹೋದ ಮೇಲೆ ಮೇಲಿನದು ಬರುತ್ತದೆ, ಉಬ್ಬರ ತಗ್ಗುತ್ತದೆ. ದುಂಡು ಬೆಟ್ಟಗಳ ನಡುವಿನ ಬಟ್ಟಲುಗಳು ಹೆಚ್ಚಾಗಿ ಮೊದಲ ಬಗೆಯವು. ಇದನ್ನು ಬದಲಿಸಲು ಯಾರಿಂದಲೂ ಆಗದು, ತಿಳಿದುಕೊಂಡಿರಬಹುದಷ್ಟೇ.

ನೆಲದ ಮೇಲೆ ನಾವು ಹಾಸಿದ ಹೊದಿಕೆಯನ್ನಾದರೂ ಬದಲಿಸಬಹುದು. ಈ ಮೂರು ಜಿಲ್ಲೆಗಳ ಪ್ರವಾಹದ ಚರ್ಚೆಯಲ್ಲಿ ಕಾಂಕ್ರೀಟಿಗೆ ಬೈಯುವುದು ಸುಲಭ. ಆದರೆ ಹಳ್ಳಿಯ ಜಲಾನಯನದಲ್ಲಿ ಕಾಂಕ್ರೀಟಿಗಿಂತ ಹೆಚ್ಚು ನೆಲ ಮುಚ್ಚುತ್ತಿರುವುದು ಪ್ಲಾಸ್ಟಿಕ್. ಗುಲಾಬಿ, ಜರ್ಬೆರಾ, ದೊಣ್ಣೆಮೆಣಸಿನಕಾಯಿಯ ಒಂದು ಎಕರೆ ಪಾಲಿಹೌಸ್ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಎರಡು ಲಕ್ಷ ಲೀಟರ್ ನೀರು ನಿಮಿಷಗಳಲ್ಲಿ ಹೊರಗೆ ಬರುತ್ತದೆ. ಟೊಮೆಟೊ ಸಾಲುಗಳ ಮಲ್ಚಿಂಗ್ ಶೀಟ್ ಅರ್ಧ ಹೊಲ ಮುಚ್ಚುತ್ತದೆ. ಸಾಲು ಇಳಿಜಾರಿನ ಉದ್ದಕ್ಕೆ ಇದ್ದರೆ ಎರಡು ಸಾಲುಗಳ ನಡುವಿನ ಗೆರೆಯೇ ಕಾಲುವೆಯಾಗುತ್ತದೆ. ನೀರು ಉಳಿಸಲು ಹಾಕಿದ ಶೀಟ್ ಮಳೆಯ ದಿನ ನೀರನ್ನು ಓಡಿಸುತ್ತದೆ. ರೈತರನ್ನು ದೂರುವ ಮಾತಲ್ಲ ಇದು. ಶೀಟ್‌ಗೆ ಸಬ್ಸಿಡಿ ಕೊಡುವಾಗ ಸಾಲು ಅಡ್ಡಕ್ಕಿರಲಿ, ಪಾಲಿಹೌಸ್ ನೀರು ಕೃಷಿ ಹೊಂಡಕ್ಕೇ ಬೀಳಲಿ ಎಂಬ ಷರತ್ತನ್ನು ಕಾಗದದಲ್ಲಿ ಬಿಡದೆ ಹೊಲದಲ್ಲಿ ನೋಡಬೇಕು. ಹೊಂಡ ಅಕ್ಟೋಬರ್‌ನಲ್ಲಿ ತುಂಬಿಯೇ ಇರುತ್ತದೆ ಎಂಬ ತಕರಾರು ಸರಿ. ಅದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ.

ನೀಲಗಿರಿ ತೋಪುಗಳ ಬಗ್ಗೆ ಎರಡೇ ಮಾತು. ಮರವಿದೆ ಎಂದ ಮಾತ್ರಕ್ಕೆ ನೀರು ನಿಲ್ಲುವುದಿಲ್ಲ. ಹನಿಯ ಏಟು ತಡೆಯುವುದು ನೆಲದ ಮಟ್ಟದ ಹುಲ್ಲು ಮತ್ತು ತರಗು. ಮರದಡಿ ಹುಲ್ಲಿಲ್ಲದೆ ಬೋಳಾದ ತೋಪಿಗಿಂತ ಒಂದು ಒಳ್ಳೆಯ ಗೋಮಾಳ ಮೇಲು. ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದು ಹುಲ್ಲು ಸುಟ್ಟ ವರ್ಷ, ಮೊದಲ ಜಡಿಮಳೆಗೆ ಹಳ್ಳ ಕಪ್ಪು ನೀರು ತರುತ್ತದೆ. ಅದನ್ನು ಕಂಡ ಊರಿನವರು ಈ ಪಾಠವನ್ನು ಪುಸ್ತಕದಲ್ಲಿ ಓದಬೇಕಿಲ್ಲ.

ರಸ್ತೆಗಳದ್ದು ಇನ್ನೊಂದು ಕಥೆ. ಎತ್ತರಿಸಿದ ಹೆದ್ದಾರಿಯ ದಿಬ್ಬ ಒಂದು ಉದ್ದನೆಯ ಏರಿ. ಕಿಲೋಮೀಟರ್ ಅಗಲಕ್ಕೆ ತೆಳುವಾಗಿ ಹರಡಿ ಬರುತ್ತಿದ್ದ ನೀರನ್ನು ಅದು ತಡೆದು, ನಾಲ್ಕಾರು ಮೋರಿಗಳ ಮೂಲಕ ಹಿಂಡಿ ಬಿಡುತ್ತದೆ. ನೀರಿನ ವೇಗ ಇಮ್ಮಡಿಯಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಮೋರಿಯ ಕೆಳಗಿನ ಹೊಲದವನಿಗೆ ಹಿಂದೆ ಪಾದ ತೋಯಿಸುತ್ತಿದ್ದ ನೀರು ಈಗ ಗುಂಡಿ ತೋಡುತ್ತದೆ. ಅರ್ಧ ಅಡಿ ಆಳದ ರಭಸದ ನೀರು ನಡೆಯುವವನನ್ನು ಬೀಳಿಸಬಲ್ಲದು, ಎರಡು ಅಡಿ ನೀರು ಕಾರನ್ನು ತೇಲಿಸಬಲ್ಲದು. ಬೈಕ್ ಸವಾರರು ರಸ್ತೆ ತಮಗೆ ಪರಿಚಿತ ಎಂಬ ಧೈರ್ಯದಲ್ಲಿ ಇಳಿಯುತ್ತಾರೆ. ರಸ್ತೆ ಪರಿಚಿತವೇ. ಕೆಂಪು ನೀರಿನಡಿ ಅದು ಇನ್ನೂ ಇದೆಯೇ ಎನ್ನುವುದು ಮಾತ್ರ ಕಾಣುವುದಿಲ್ಲ.

ಇಷ್ಟು ಕೆಡುಕನ್ನೂ ನುಂಗಿಕೊಳ್ಳಲು ಹಿಂದಿನವರು ಕಟ್ಟಿದ ಏರ್ಪಾಡು ಕೆರೆಗಳ ಸರಪಳಿ. ಒಂದರ ಕೋಡಿ ನೀರು ಕೆಳಗಿನದಕ್ಕೆ, ಅದರ ಕೋಡಿ ಮತ್ತೊಂದಕ್ಕೆ. ಕೆರೆ ಕಟ್ಟಿದ್ದು ಗದ್ದೆಗಾಗಿ ಎನ್ನುತ್ತೇವೆ. ಆದರೆ ಖಾಲಿ ಕೆರೆ ದೊಡ್ಡ ಪ್ರವಾಹ ತಡೆ. ಐದು ಚದರ ಕಿಲೋಮೀಟರ್ ಜಲಾನಯನದಲ್ಲಿ 60 ಮಿಲಿಮೀಟರ್ ಮಳೆಯ ಅರ್ಧ ಹರಿದುಬಂದರೆ ಒಂದೂವರೆ ಲಕ್ಷ ಘನ ಮೀಟರ್. ಐವತ್ತು ಎಕರೆ ಅಂಗಳದ ಕೆರೆಯಲ್ಲಿ ಕೋಡಿ ಮಟ್ಟಕ್ಕಿಂತ ಒಂದು ಮೀಟರ್ ಖಾಲಿ ಇದ್ದರೆ ಎರಡು ಲಕ್ಷ ಘನ ಮೀಟರ್ ಹಿಡಿಯುತ್ತದೆ. ಇಡೀ ಬಿರುಮಳೆ ಆ ಒಂದು ಮೀಟರ್‌ನಲ್ಲಿ ಅಡಗಿತು. ಹೋಲಿಕೆಗೆ, ಸಾಧಾರಣ ಗಾತ್ರದ ಒಂದು ಚೆಕ್ ಡ್ಯಾಂ ಹಿಡಿಯುವ ಸಾವಿರದೈನೂರು ಘನ ಮೀಟರ್, ನಮ್ಮ ಹಳ್ಳದ ಉಬ್ಬರದಲ್ಲಿ ಮೂರು ನಿಮಿಷಕ್ಕೆ ತುಂಬುತ್ತದೆ. ಚೆಕ್ ಡ್ಯಾಂ ಅಂತರ್ಜಲಕ್ಕೆ ಒಳ್ಳೆಯದಿರಬಹುದು, ಪ್ರವಾಹಕ್ಕೆ ಅದನ್ನು ಮದ್ದು ಎಂದು ಉದ್ಘಾಟನೆ ಮಾಡುವವರಿಗೆ ಗಣಿತ ಬಾರದು.

ಆ ಒಂದು ಮೀಟರ್ ಈಗ ಖಾಲಿ ಇರುತ್ತದೆಯೇ ಎಂಬುದು ಪ್ರಶ್ನೆ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಚಿಕ್ಕಬಳ್ಳಾಪುರದ ಕೆರೆಗಳಿಗೆ ಹೆಬ್ಬಾಳ–ನಾಗವಾರ ಕಣಿವೆಯದು. ನೀರಿನ ಗುಣಮಟ್ಟದ ಬಗ್ಗೆ ಜಗಳವಾಗಿದೆ, ಕೋರ್ಟು ಕಚೇರಿಯಾಗಿದೆ. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಮೇಲೆದ್ದದ್ದನ್ನು ರೈತರು ಹೇಳಿಕೊಂಡಿದ್ದಾರೆ. ಆದರೆ ಒಂದು ಮಾತು ಈ ಗದ್ದಲದಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ವರ್ಷವಿಡೀ ತುಂಬಿರುವ ಕೆರೆ ಸ್ವಾತಿ ಮಳೆಯ ದಿನ ಬರಿದಾಗಿರುವುದಿಲ್ಲ. ಹಿಂದೆ ಬರಗಾಲದ ಶಾಪದಂತಿದ್ದ ಒಣ ಅಂಗಳವೇ ಕೆಳಗಿನ ಊರಿಗೆ ಗುಟ್ಟಾಗಿ ರಕ್ಷಣೆಯಾಗಿತ್ತು. ಯೋಜನೆ ಬೇಡ ಎನ್ನುತ್ತಿಲ್ಲ. ಆಗಸ್ಟ್ ಕೊನೆಯಿಂದ ಪಂಪು ನಿಲ್ಲಿಸಿ ಸರಪಳಿಯ ಮೇಲಿನ ಕೆರೆಗಳಲ್ಲಾದರೂ ಜಾಗ ಬಿಟ್ಟುಕೊಳ್ಳುವ ವೇಳಾಪಟ್ಟಿ ಬೇಕು ಎನ್ನುತ್ತಿದ್ದೇನೆ.

ಇದರ ಜೊತೆಗೆ ಕೋಡಿಯ ಕಿತಾಪತಿ. ಇನ್ನೊಂದಿಷ್ಟು ನೀರು ನಿಲ್ಲಲಿ ಎಂದು ಕೋಡಿಗೆ ಮರಳಿನ ಮೂಟೆ ಅಡ್ಡ ಇಡುವುದು, ಮೀನು ಕೊಚ್ಚಿಹೋಗದಿರಲಿ ಎಂದು ಗುತ್ತಿಗೆದಾರರು ಬಲೆ ಕಟ್ಟುವುದು, ಆ ಬಲೆಗೆ ಕಸ ಸಿಕ್ಕಿ ಗೋಡೆಯಾಗುವುದು. ಮಣ್ಣಿನ ಏರಿಯ ಮೇಲೆ ನೀರು ಹತ್ತಿದರೆ ಮುಗಿಯಿತು, ಕೊರೆದುಕೊಂಡೇ ಇಳಿಯುತ್ತದೆ. ಸರಪಳಿಯಲ್ಲಿ ಒಂದು ಕೆರೆ ಒಡೆದರೆ ಅದರ ನೀರೆಲ್ಲ ಮುಂದಿನದರ ಮೇಲೆ. 1903ರ ನವೆಂಬರ್‌ನಲ್ಲಿ ಪಾಲಾರ್ ನದಿ ವಾಣಿಯಂಬಾಡಿಯನ್ನು ಮುಳುಗಿಸಿದ್ದು ಮೇಲೆ ಮೈಸೂರು ಸೀಮೆಯ ಕೆರೆಗಳು ಒಡೆದದ್ದರಿಂದ. ಅಂದರೆ ಇಂದಿನ ಕೋಲಾರ ಜಿಲ್ಲೆಯ ಕಡೆಯಿಂದ. ನೀರಗಂಟಿ ಎಂಬ ಹುದ್ದೆ ಇದ್ದದ್ದು ಗದ್ದೆಗೆ ನೀರು ಹಂಚಲು ಮಾತ್ರವಲ್ಲ, ರಾತ್ರಿ ಮಳೆಯಲ್ಲಿ ಕಂದೀಲು ಹಿಡಿದು ಏರಿಯ ಮೇಲೆ ನಡೆಯಲು ಕೂಡ.

ಈಗ ಕಂದೀಲಿನ ಬದಲು ಯಂತ್ರಗಳಿವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕ ಇಟ್ಟು 15 ನಿಮಿಷಕ್ಕೊಮ್ಮೆ ಅಂಕಿ ತರಿಸಿಕೊಳ್ಳುತ್ತದೆ. ಹವಾಮಾನ ಇಲಾಖೆ 2020ರ ಅಕ್ಟೋಬರ್‌ನಲ್ಲಿ ದಕ್ಷಿಣ ಏಷ್ಯಾಕ್ಕೆ ದಿಢೀರ್ ಪ್ರವಾಹ ಮಾರ್ಗದರ್ಶಿ ವ್ಯವಸ್ಥೆಯನ್ನು ಶುರು ಮಾಡಿತು. ಮಣ್ಣು ಎಷ್ಟು ನೆನೆದಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದು ಆರು ಗಂಟೆ ಮುಂಚೆ ಎಚ್ಚರಿಸುವ ಉದ್ದೇಶ ಅದರದ್ದು. ಒಳ್ಳೆಯ ಕೆಲಸ. ಆದರೆ ನಮ್ಮ ಹಳ್ಳಕ್ಕೆ ಇರುವುದು 22 ನಿಮಿಷ. ಮಾಪಕದ ಅಂಕಿ ಬರುವುದಕ್ಕೇ 15 ಹೋದರೆ ಉಳಿದ ಏಳು ನಿಮಿಷದಲ್ಲಿ ಬೆಂಗಳೂರಿನಿಂದ ಸಂದೇಶ ಹೊರಟು, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ದಾಟಿ ತೋಟದ ಯಜಮಾನರ ಮೊಬೈಲ್ ತಲುಪಬೇಕು. ಅಷ್ಟರಲ್ಲಿ ಅವರು ಮೋಡ ನೋಡಿಯೇ ಮೋಟಾರ್ ಬಿಚ್ಚಿರುತ್ತಾರೆ. ಬೆಟ್ಟದ ಮೇಲೆ ಸುರಿದ ಮಳೆ ಪಂಚಾಯಿತಿ ಕಟ್ಟಡದ ಮೇಲಿನ ಮಾಪಕಕ್ಕೆ ತಾಕದೆಯೂ ಹೋಗಬಹುದು.

ಹಾಗಾಗಿ ಮಳೆ ಬರುವ ಮೊದಲೇ ನೆಲವನ್ನು ಓದಿ ಇಟ್ಟುಕೊಳ್ಳುವುದೊಂದೇ ದಾರಿ. ಯಾವ ಹಳ್ಳದ ತಲೆಯಲ್ಲಿ ಬೋಳು ಬಂಡೆ ಎಷ್ಟು, ಯಾವ ಮೋರಿಯ ಬಾಯಿ ಎಷ್ಟು, ಯಾವ ಕೋಡಿಗೆ ಬಲೆ ಕಟ್ಟಿದೆ, ಯಾವ ಬಡಾವಣೆ ಹಳ್ಳದ ಮೇಲೆಯೇ ಕೂತಿದೆ. ಹಳೆಯ ಗ್ರಾಮ ನಕ್ಷೆಗಳಲ್ಲಿ ಹಳ್ಳಗಳನ್ನು ಗೆರೆ ಎಳೆದು ತೋರಿಸಿದ್ದಾರೆ, ಪಹಣಿಯಲ್ಲಿ ಬಿ ಖರಾಬು, ಅಂದರೆ ಸಾಗುವಳಿಗೆ ಸೇರದ ಸಾರ್ವಜನಿಕ ನೆಲ, ಎಂದು ಬಿಟ್ಟಿದ್ದಾರೆ. ಆ ಗೆರೆಯ ಅಗಲವನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಇಟ್ಟರೆ ಸಾಕು, ಎಲ್ಲಿ ಹಳ್ಳ ಸವೆದು ಬದುವಾಗಿದೆ ಎಂಬುದು ಕಾಣುತ್ತದೆ. ಇದಕ್ಕೆ ಹೊಸ ತಂತ್ರಜ್ಞಾನ ಬೇಡ, ಸರ್ವೇಯರ್ ಜೊತೆ ಎರಡು ದಿನ ನಡೆಯುವ ಕಾಲು ಬೇಕು.

ಎರಡು ಪೈಪಿನ ಮೋರಿಯನ್ನು ಕಿತ್ತು ದೊಡ್ಡ ಸೇತುವೆ ಮಾಡಿಸಬಹುದಲ್ಲ ಎಂದು ಅಂದು ತೋಟದ ಯಜಮಾನರನ್ನು ಕೇಳಿದ್ದೆ. ಅವರು ಕೈಯಲ್ಲಿದ್ದ ಕಡ್ಡಿಯಿಂದ ರಸ್ತೆಯ ಆಚೆ ತೋರಿಸಿದರು. ಅರ್ಧ ಕಿಲೋಮೀಟರ್ ಕೆಳಗೆ ಹೊಸ ಬಡಾವಣೆ, ಬಣ್ಣ ಬಣ್ಣದ ಮನೆಗಳು. ಹಳ್ಳ ಅಲ್ಲಿಗೆ ಹೋಗುವಷ್ಟರಲ್ಲಿ ಎರಡು ಅಡಿ ಅಗಲದ ಚರಂಡಿಯಾಗಿತ್ತು. ಮೋರಿ ಚಿಕ್ಕದಾದ್ದರಿಂದ ಪ್ರತಿ ದೊಡ್ಡ ಮಳೆಗೂ ನೀರು ಇವರ ದ್ರಾಕ್ಷಿ ತೋಟದಲ್ಲಿ ಎರಡು ಗಂಟೆ ನಿಂತು ಹೋಗುತ್ತದೆ. ಮೋರಿ ದೊಡ್ಡದಾದರೆ ಅದೇ ನೀರು ಹತ್ತು ನಿಮಿಷದಲ್ಲಿ ಆ ಮನೆಗಳ ಬಾಗಿಲಲ್ಲಿರುತ್ತದೆ. “ಅರ್ಜಿ ಕೊಟ್ಟು ಎರಡು ವರ್ಷವಾಯಿತು” ಎಂದರು. “ಬಡಾವಣೆಯವರೂ ಒಂದು ಅರ್ಜಿ ಕೊಟ್ಟಿದ್ದಾರಂತೆ, ಈ ಮೋರಿಯನ್ನು ಮುಟ್ಟಬಾರದು ಎಂದು.”